ಒಂದಾ ಗೋಪುರದ ಊರು

…ಹಂಗಲ್ಲೋ ಲಿಂಗೇಶಾ, ಸ್ಟ್ರಾಸ್‌ಬರ್ಗಿನ ಇತಿಹಾಸ ನಿಮ್ಮ ಬಾಯಿಂದನ ಕೇಳಬೇಕು ಅಂತ ಫ್ರಾನ್ಸಿನವರು ನನ್ನ ಕಾಲು ಹಿಡಿದ್ರು. ದೊಡ್ಡ ಚರ್ಚಿನ ಮುಂದ ಕುರ್ಚಿ ಹಾಕಿ, ಶಾಲು ಹೊದಿಸಿ… ಆಯ್ತು, ಸುಳ್ಳು. ಚರ್ಚಿನ ಮೆಟ್ಟಿಲ ಮ್ಯಾಲೆ ಕುಂತಿದ್ದೆ, ಎದ್ದು ಆಕಡೆ ಹೋಗ್ರಿ ಅಂದ್ರು. ಎದ್ದೆ. ಇಷ್ಟ ಖರೆ.

ಯಾಕ ನಗವಲ್ಲಿ? ನಿಮ್ಮಕ್ಕನ್ನ ನಾ ಮದುವಿ ಆದಾಗ ನೀ ನನ್ನ ಚಪ್ಪಲಿ ಬಚ್ಚಿಟ್ಟಿ, ನಾ ನಿನ್ನವನ್ನ ಬಚ್ಚಿಟ್ಟು ಬರಿಗಾಲಲೆ ಬಸ್ ಹತ್ತಿಸಿದೆ. ಅವತ್ತು ಅಳೋ ಬದಲಿ ನಕ್ಕಾವ ನೀನು.

ಚಾ ಕುಡಿ. ಜರ್ಮನಿ ಗಡಿಯ ಈ ಕೇಲ್ ಊರಾಗ ತುರ್ಕಿಯವನ ಚಾ ಒಂದಾ ಬಾಯಿಗೆ ಹತ್ತತೈತಿ. ಹೊಟ್ಟಿ ಬ್ಯಾರೆ ಹಸದೈತಿ, ಮುಂಜಾನೆ ಡಬ್ಬಿ ಮರೆತು ಬಂದೆ. ಅಲ್ಲ, ಬುಧವಾರ ಆಫೀಸ್ ಬಿಟ್ಟು ನೀ ಇಲ್ಲಿಗೆ ಹೆಂಗ ಬಂದಿ? ನಂದಾ? ನಂದು ಡೀನ್ಸ್ಟ್‌ರೈಸೆ, ಕಂಪನಿ ಖರ್ಚಿನ ಪ್ರವಾಸ. ನದಿ ಆಚಿಗೆ ಸ್ಟ್ರಾಸ್‌ಬರ್ಗಿನ್ಯಾಗ ಒಂದು ಕಾರ್ಖಾನಿ, ಕಾರಿನ ಬಾಗಿಲದ ಕೀಲು ಪರೀಕ್ಷಾ ಮಾಡಬೇಕು. ಅದಿರಲಿ.

ಕೇಳು. ಮೊದಲು ರೋಮಿನವರ ದಂಡು ಅಲ್ಲಿ ಬಿಡಾರ ಹೂಡ್ತು. ಆಮ್ಯಾಲೆ ಬಿಷಪ್ಪರ ಕಾರುಬಾರು. ಅವರನ್ನ ಊರಿನವರ ಓಡಿಸಿ ತಾವ ಆಳಿಕೊಂಡ್ರು. ಚರ್ಚಿಗೆ ಎರಡು ಗೋಪುರ ಬೇಕಿತ್ತು, ಒಂದಾ ಎದ್ದು ನಿಂತೈತಿ. ಇನ್ನೊಂದರ ಕಲ್ಲು ನಮ್ಮ ಗೋಲಗುಮ್ಮಟಕ್ಕ ಬಂದ್ವು. ಹುಬ್ಬು ಇಳಿಸು, ಸುಳ್ಳಂತ ನನಗೂ ಗೊತ್ತೈತಿ.

ಆದ್ರ ಇದು ಖರೆ. ಸಾವಿರದ ಐನೂರಾ ಹದಿನೆಂಟನೇ ಇಸವಿ, ಬ್ಯಾಸಗಿ. ಒಬ್ಬಾಕಿ ಮನಿಯಿಂದ ಬೀದಿಗೆ ಬಂದು ಕುಣಿಯಾಕ ಹತ್ತಿದ್ಲು. ಹಾಡಿಲ್ಲ, ಹಬ್ಬಿಲ್ಲ. ನಿಲ್ಲವಲ್ಲಳು. ನೋಡನೋಡತ ನೂರಾರು ಮಂದಿ ಕೂಡಿಕೊಂಡ್ರು. ಕುಣಿದು ದಣಿದು ತಾವ ನಿಲ್ತಾರ ಅಂತ ಊರ ಹಿರಿಯರು ವಾದ್ಯದವರನ್ನ ಬ್ಯಾರೆ ಕರೆಸಿದ್ರು. ಆಕಿ ಮೊದಲನೇ ದಿನ ಯಾಕ ಕುಣಿದ್ಲೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎರಡನೇ ದಿನ ಯಾಕ ಕುಣಿದ್ಲು ಅನ್ನೋದು ನನಗ ಗೊತ್ತು. ನಿಲ್ಲಿಸಿದ್ರ ನಿನ್ನೆ ಯಾಕ ಕುಣಿದಿ ಅಂತ ಕೇಳ್ತಾರಲ್ಲ.

ಹಂಗ ನೋಡಬ್ಯಾಡ ನನ್ನ. ಇತಿಹಾಸ ಹೇಳಾಕತ್ತೀನಿ.

ಆಮ್ಯಾಲೆ ಫ್ರಾನ್ಸಿನ ರಾಜ ಬಂದು ನಂದು ಅಂದ. ಜರ್ಮನಿ ಕಸಗೊಂತು. ಮತ್ತ ಫ್ರಾನ್ಸು. ಮತ್ತ ಜರ್ಮನಿ. ಮತ್ತ ಫ್ರಾನ್ಸು. ಒಬ್ಬ ಮುದುಕಿ ತನ್ನ ಅಡಗಿಮನಿ ಬಿಟ್ಟು ಕದಲಿಲ್ಲ ಅಂತ ತಿಳಕೋ, ಆಕಿ ಜೀವಮಾನದಾಗ ನಾಕು ಸಲ ದೇಶ ಬದಲಾತು. ಪ್ರತಿ ಸಲ ಓಣಿ ಹೆಸರಿನ ಬೋರ್ಡ್ ಕಿತ್ತು ಬ್ಯಾರೆ ಹಚ್ಚಾವರು. ನೀ ಮಲಗಿ ಏಳೋದ್ರಾಗ ನೀ ಯಾರು ಅನ್ನೋದನ್ನ ಮತ್ತೊಬ್ಬರು ಬರದಿರ್ತಾರ. ಸಣ್ಣ ರೂಮು, ಟೇಬಲ್ ಮ್ಯಾಲೆ ನೀರಿನ ಬಾಟ್ಲಿ, ಎದುರಿಗೆ ಇಬ್ಬರು, ಭಾಳ ಮೆತ್ತಗ ಮಾತಾಡ್ತಾರ… ಏನಿಲ್ಲ. ಎಲ್ಲಿದ್ದೆ? ಮುದುಕಿ. ಮುದುಕಿ ಅಡಗಿಮನ್ಯಾಗ.

ಏನರ ಅನ್ನೋ. ಬೈಯ್ಯರ ಬೈ.

ಆ ಚೀಲದಾಗ ಏನು? ಬಂದಾಗಿಂದ ತೊಡಿ ಮ್ಯಾಲೆ ಇಟಗೊಂಡು ಕುಂತಿ…

ಇದು ನನ್ನ ಡಬ್ಬಿ ಅಲ್ಲೇನೋ.

ನಮ್ಮ ಕಂಪನಿ ಗೇಟಿಗೆ ಕೊಡಾಕ ಹೋಗಿದ್ಲೇನು ನಿಮ್ಮಕ್ಕ? ಬ್ಯಾಡ, ಹೇಳಬ್ಯಾಡ. ನಿನ್ನ ಗಂಡ ಹಾಲಸಿದ್ದಪ್ಪ ಯುಗಾದಿಯಿಂದ ಇಲ್ಲಿ ಕೆಲಸಕ್ಕಿಲ್ಲ ಅಂದಿರಬೇಕು ಗೇಟಿನಾವ. ಜರ್ಮನ್‌ನಾಗ ಅಂದಿರ್ತಾನ, ಆಕಿಗೆ ಅಷ್ಟು ತಿಳಿಯಂಗಿಲ್ಲ… ತಿಳೀತೇನು?

ಕೇಲ್‌ಗೆ ಬಂದು ಹುಡಕು ಅಂದವರು ಯಾರು? ನಿಮ್ಮಕ್ಕನ? ಹೌದು. ದಿನಾ ರಾತ್ರಿ ಊಟಕ್ಕ ಕುಂತು ಸ್ಟ್ರಾಸ್‌ಬರ್ಗ್, ಸ್ಟ್ರಾಸ್‌ಬರ್ಗ್ ಅಂತ ನಾನ ಬಡಕೊಂಡೆ. ಆಕಿ ಹೂಂ, ಹೂಂ ಅನಕೋತ ರೊಟ್ಟಿ ಬಡೀತಿದ್ಲು. ಸಿಂಡೆಲ್‌ಫಿಂಗೆನ್‌ನಾಗ ನಮ್ಮ ಮನಿ ಸುತ್ತ ಯಾವ ಬೆಂಚಿಗೆ ಕುಂತರೂ ನಮ್ಮವರೊಬ್ಬರು ಬಂದು ಇವತ್ತ ರಜಾ ಏನ್ರೀ ಅಂತಾರೋ. ಡಾಯ್ಚ್‌ಲ್ಯಾಂಡ್ ಟಿಕೆಟ್ ಅಂದ್ರ ತಿಂಗಳ ರೈಲು ಪಾಸು, ಇಲ್ಲೀತನಕ ನಡೀತೈತಿ. ಮುಂದ ಸೇತುವೆ ನಡದು ದಾಟಿದ್ರ ಯಾರೂ ಏನೂ ಕೇಳಂಗಿಲ್ಲ.

ಶೇಂಗಾ ಹಿಂಡಿ ಹಾಕ್ಯಾಳ ನೋಡು. ಸಿಟ್ಟಿದ್ರ ಆಕಿ ಹಿಂಡಿ ಹಾಕಂಗಿಲ್ಲ. ಅಂದ್ರ… ಅಲ್ಲ. ಇದು ಗೊತ್ತಾಗೂಕಿಂತ ಮೊದಲ ಕಟ್ಟಿದ್ದು.

ಯಾಕ ಪದೇ ಪದೇ ಕಿಡಿಕಿ ಕಡೆ ನೋಡ್ತಿ? ನಿನ್ನ ಕಾರು ಅಲ್ಲೇನು ಅದು. ಮುಂದಿನ ಸೀಟಿನ್ಯಾಗ… ಆಕಿ ಅಲ್ಲ ಅನ್ನು, ಲಿಂಗೇಶಾ. ಸುಳ್ಳರ ಹೇಳೋ, ನಿನಗೂ ಒಂದು ಬರಬಾರದೇನು?

ಆಗಿಂದ ಅಲ್ಲೇ ಕುಂತಾಳ? ನಾ ಇಲ್ಲಿ ಕೈ ಬೀಸಿ ಬೀಸಿ ರೋಮಿನವರನ್ನ ಕರಕೊಂಡು ಬರೋದನ್ನ ನೋಡಕೋತ?

ಒಳಗ ಕರಿ. ಬ್ಯಾಡ, ಕುಂಡ್ರು. ನಾನ ಹೋಗಿ ಕರೀತೀನಿ. ಏನಂತ ಶುರು ಮಾಡಲಿ… ಇನ್ನೊಂದು ಚಾ ಹೇಳು, ಸಕ್ಕರಿ ಎರಡು, ಆಕಿಗೆ. ಮತ್ತ, ಲಿಂಗೇಶಾ… ಈ ಚಾದ ರೊಕ್ಕ ಇವತ್ತ ನೀನ ಕೊಡಪಾ.