ನೀಲಮ್ಮನ ಉಳಿದ ಪರೀಕ್ಷೆ

ದೀಪ ಆರಿಸ್ಬೇಡ, ಹಂಗೇ ಇರ್ಲಿ... ಇದು ನನ್ನ ಚಿಕ್ಕಪ್ಪನ ಮಗಳು ನಯನಾಗೆ ಆಗಿದ್ದು.

ಅವಳು ಆಸ್ಪತ್ರೆಯಲ್ಲಿ ಪೆಥಾಲಜಿ ಡಾಕ್ಟ್ರು. ರೋಗಿಗಳ ಮುಖ ನೋಡೋ ಕೆಲಸ ಅಲ್ಲ. ಆಪರೇಷನ್ನಲ್ಲಿ ತೆಗೆದ ಭಾಗ, ಕೊಳೀದಂಗೆ ಇಡೋ ಫಾರ್ಮಲಿನ್ ನೀರಿನ ಡಬ್ಬಿಯಲ್ಲಿ ಬರುತ್ತೆ. ಕೊಯ್ದು, ಮೈಕ್ರೋಸ್ಕೋಪಲ್ಲಿ ನೋಡಿ ರಿಪೋರ್ಟ್ ಬರೀಬೇಕು.

ಅವತ್ತು ಮಂಡಿ ಮೊಹಲ್ಲಾದ ನೀಲಮ್ಮ ಅನ್ನೋರ ದೊಡ್ಡ ಕರುಳು ನೋಡ್ತಿದ್ಳು. ಕ್ಯಾನ್ಸರ್. ಇನ್ನೂ ಚಿಕ್ಕ ವಯಸ್ಸು. ಅಂಥೋರಿಗೆ, ಇದು ವಂಶದಲ್ಲಿ ಇಳಿದು ಬಂದಿದ್ದಾ ಅಂತ ಇನ್ನೊಂದು ಪರೀಕ್ಷೆ ಮಾಡ್ಬೇಕು. ಅಷ್ಟರಲ್ಲಿ ವಾರ್ಡಿಂದ ಫೋನ್ ಬಂತು. ನೀಲಮ್ಮ ತೀರಿಕೊಂಡ್ರಂತೆ.

"ಇನ್ನು ಯಾರಿಗೋಸ್ಕರ? ಮುಗಿಸ್ಬುಡು," ಅಂದ್ರು ಹಿರಿಯ ಡಾಕ್ಟ್ರು. ಇವಳು ಆ ಪರೀಕ್ಷೆ ಮಾಡ್ದೇನೇ ರಿಪೋರ್ಟಿಗೆ ಸಹಿ ಹಾಕ್ಬುಟ್ಳು.

ಹೊರಟಾಗ ರಾತ್ರಿಯಾಗಿತ್ತು. ಚಾಮರಾಜಪುರಂ ಕಡೆ ನಮ್ಮನೆಗೆ ನಡ್ಕೊಂಡು ಬರ್ತಿದ್ಳು. ಆಲದ ಮರದ ಹತ್ರ, ಹಿಂದೆ ಸದ್ದು. ಚಪ್... ಚಪ್... ಒದ್ದೆ ಬರಿಗಾಲು ಕಲ್ಲಿನ ಮೇಲಿಟ್ಟ ಹಂಗೆ. ಇವಳು ನಿಂತ್ರೆ ಅದೂ ನಿಲ್ಲುತ್ತೆ. ಗಾಳಿ ಇಲ್ಲ. ಬಿಳಲುಗಳು ಮಾತ್ರ ಕಿರ್... ಅಂತಿವೆ.

"ಮುಗೀತಾ, ಡಾಕ್ಟ್ರಮ್ಮ?"

ಕಿವಿ ಹತ್ರಾನೇ ಪಿಸುಮಾತು. ನಯನಾಗೆ ಕತ್ತು ತಿರುಗಿಸೋಕಾಗ್ಲಿಲ್ಲ.

"ಯಾರು?"

"ಪೂರ್ತಿ ನೋಡಿಲ್ಲ ನೀವು..."

"ಏನು ನೋಡಿಲ್ಲ?"

"ನಮ್ಮ ಧರಣಿಗೆ ಹೊಟ್ಟೆ ನೋವು. ಯಾರ್ಗೂ ಹೇಳಿಲ್ಲ ಕಣಮ್ಮ ಅವಳು."

ತಿರುಗಿದ್ರೆ... ಖಾಲಿ ರಸ್ತೆ.

ಬೆಳಿಗ್ಗೆ ಯಾರನ್ನೂ ಕೇಳ್ದೆ ಆ ಪರೀಕ್ಷೆಗೆ ಹಾಕಿದ್ಳು. ಎರಡು ದಿನ ಬಿಟ್ಟು ನೋಡಿದ್ರೆ, ಕರುಳಿನ ಚೂರಿಗೆ ಹಿಡೀಬೇಕಿದ್ದ ಬಣ್ಣ ಹಿಡೀಲೇ ಇಲ್ಲ. ಅಂದ್ರೆ ರೋಗ ವಂಶದ್ದೇ ಇರಬಹುದು. ನೀಲಮ್ಮನ ಮನೆಗೆ ಫೋನ್ ಮಾಡಿದ್ರೆ ಎತ್ತಿದ್ದು ಮಗಳು.

"ನಿಮ್ಮ ಹೆಸ್ರು?"

"ಧರಣಿ."

ನಯನಾ ಕೇಳೇಬಿಟ್ಳು. "ಹೊಟ್ಟೆ ನೋವಿದ್ಯಾ?"

"ನಿಮಗ್ಯಾರು ಹೇಳಿದ್ರು ಮೇಡಂ? ಅಮ್ಮ ಹೋದ ದಿನ ಸಂಜೆ ಶುರುವಾಗಿದ್ದು."

ಕರೆಸಿ, ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ರು. ಗಂಟಿತ್ತು. ಇನ್ನೂ ಕ್ಯಾನ್ಸರ್ ಆಗಿರ್ಲಿಲ್ಲ, ತೆಗೆದ್ರು. ಹುಡುಗಿ ಚೆನ್ನಾಗಿದಾಳೆ. ನಯನಾಗೇ ನಿದ್ದೆ ಇಲ್ಲ. "ಹಿಂಗೇ ಮುಗಿಸಿ ಕಳಿಸಿದ ರಿಪೋರ್ಟು ಇನ್ನೆಷ್ಟಿವ್ಯೋ ಅಕ್ಕ... ಅವ್ರ್ಯಾರೂ ಬರ್ಲಿಲ್ವಲ್ಲ," ಅಂತಾಳೆ.

ಕನಸು ಅನ್ಬೇಡ. ಆ ರಾತ್ರಿ ಅವಳಿಗೆ ಬಾಗಿಲು ತೆಗೆದೋಳು ನಾನು. ಮಳೆ ಇರ್ಲಿಲ್ಲ. ಅವಳ ಎಡ ಹೆಗಲ ಮೇಲೆ ಕುರ್ತಾ ಒದ್ದೆಯಾಗಿತ್ತು, ಒಂದು ಅಂಗೈ ಅಗಲ. ಒಗೆದು ಹಿತ್ತಿಲ ತಂತಿಗೆ ಹಾಕ್ದೆ. ಬೇಸಿಗೆ ಪೂರ್ತಿ ಅಲ್ಲೇ ಇತ್ತು.

ಅಷ್ಟು ಜಾಗ ಇನ್ನೂ ಆರಿಲ್ಲ ಕಣೋ.