ಹೊಸಬರದ್ದೋ, ಮತ್ತೆ ಶುರು ಮಾಡೋರದ್ದೋ?

ಅಲೆಕ್ಸಾಂಡ್ರಿಯಾದ ಸಂಗೀತದ ಅಂಗಡಿಯಲ್ಲಿ ಪಿಟೀಲಿನ ತಂತಿ ಕೊಳ್ಳಲು ನಿಂತಿದ್ದ ನಶಾತನ ಮುಂದೆ ಅರವತ್ತರ ಆಸುಪಾಸಿನ ಅಕ್ಕತಂಗಿಯರಿದ್ದರು. ಅಂಗಡಿಯವನು ಎರಡು ಪಿಯಾನೊ ಪುಸ್ತಕ ಮುಂದಿಟ್ಟ.

“ಇದು ಹೊಸಬರಿಗೆ. ಇದು, ಕಲಿತು ನಿಲ್ಲಿಸಿ ಮತ್ತೆ ಶುರು ಮಾಡೋರಿಗೆ. ಎರಡರಲ್ಲೂ ಒಳ್ಳೊಳ್ಳೆ ಟ್ಯೂನ್ ಇವೆ. ಯಾವುದಮ್ಮ?”

“ಮತ್ತೆ ಶುರು ಮಾಡೋರದ್ದು,” ಎಂದಳು ಅಕ್ಕ ಇಂಜಿ.

“ಏನಕ್ಕ ನೀನು! ಕಲಿತದ್ದು ನಾನು. ನೀನು ಹಾಳೆ ತಿರುವ್ತಿದ್ದೆ ಅಷ್ಟೆ,” ಎಂದು ತಂಗಿ ಸುಹೈರ್ ನಕ್ಕಳು.

ಇಂಜಿ ಗಾಜಿನ ಮೇಜಿನ ಮೇಲೆ ಎರಡೂ ಕೈಯ ಬೆರಳಾಡಿಸಿದಳು. ಸದ್ದೇನೂ ಬರಲಿಲ್ಲ. ಆದರೂ ಸುಹೈರಳ ನಗು ನಿಂತಿತು.

“ಅದು ನನ್ನ ಪಾಠ! ಎಡಗೈ ಕೂಡ ಸರಿಯಾಗಿದೆ. ಯಾವಾಗ ಕಲಿತೆ?”

“ನೀನು ಸ್ಕೂಲಿಗೆ ಹೋದ್ಮೇಲೆ.”

“ಓ, ನೀನು ಸ್ಕೂಲು ಬಿಟ್ಟ ಮೇಲಾ?”

“ಅಮ್ಮನಿಗೆ ಹುಷಾರಿಲ್ಲ ಅಂತ ನನ್ನನ್ನ ಬಿಡಿಸಿದ್ರಲ್ಲೇ.”

“ನೀನೇ ಸ್ಕೂಲು ಬೇಡ ಅಂದೆ ಅಂತ ಅಪ್ಪ ಹೇಳಿದ್ರು.”

“ನಾನೇ ಬೇಡ ಅಂದೆ ಅಂತ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಎತ್ತ ನೋಡಬೇಕೆಂದು ನಶಾತನಿಗೆ ತಿಳಿಯಲಿಲ್ಲ.

“ಯಾವುದು ಕಟ್ಟಲಿ?” ಅಂಗಡಿಯವನು ಕೇಳಿದ.

“ಅಕ್ಕನಿಗೆ ಅದನ್ನೇ ಕೊಡಿ. ನನಗೆ ಹೊಸಬರದ್ದು,” ಎಂದಳು ಸುಹೈರ್.

ಅವರು ಹೊರಟರು. ಬಾಗಿಲು ಮುಚ್ಚಿಕೊಳ್ಳುವಾಗ ಇಂಜಿಯ ದನಿ ಕೇಳಿಸಿತು: “ಅಪ್ಪ ಇನ್ನೂ ಏನೇನು ಹೇಳಿದ್ರು?”