ನಾಲ್ಕನೇ ಗುಂಡಿಯ ಸೈತಾನ

ಅಲ್ಲಜ್ಜ, ನಗು ಬಂದ್ರೆ ನಾನೇನು ಮಾಡ್ಲಿ? ಬೇಕೂಂತ ನಕ್ಕಿದ್ದಲ್ಲ. ಹೊರಗೆ ಡೀಕನ್ ಓಫಿಸಾ ಕೆಮ್ಮಿದ್ದು ಕೇಳಿಸ್ತಲ್ಲ… ಅದೇ ಕೆಮ್ಮು, ಚರ್ಚಲ್ಲಿ ಪ್ರಾರ್ಥನೆಗೆ ಮುಂಚೆ ಕೆಮ್ಮೋದು, ಹುಂಜದ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ… ಆಯ್! ಚಿವುಟಬೇಡ! ಸರಿ, ಸರಿ, ಪಿಸುಗುಟ್ತೀನಿ. ಚಾಪೆ ಕೆಳಗೆ ಮಾತಾಡಬಾರದು ಅಂತ ನೀನು ಹೇಳಿದ್ದೀಯ, ಒಪ್ಪಿದೆ. ನೀನು ಮಾತಾಡಬೇಡ. ನಾನು ಮಾತಾಡ್ತೀನಿ. ಇಬ್ಬರೂ ಸುಮ್ಮನೆ ಕೂತರೆ ಒಳಗೆ ಎರಡು ಹೆಣ ಇದೆ ಅಂದ್ಕೊಂಡು ಹಾಡು ಶುರು ಮಾಡಿಬಿಡ್ತಾರೆ.

ಬೆನ್ನು ಸುಡ್ತಿದೆಯಾ? ನಂದೂ. ಸೂರ್ಯ ಹುಟ್ಟೋಕೆ ಮುಂಚೆ ಬಂದು ಕೂತವರು… ಮಂಡಿ ಕೆಳಗೆ ಈ ಹವಳದ ಜಲ್ಲಿ ಬೇರೆ. ನಂಗಾದರೆ ಹದಿನಾರು, ನಿಂಗೆ ಎಪ್ಪತ್ತನಾಲ್ಕು. ಊರಿಗೆಲ್ಲ ನ್ಯಾಯ ಹೇಳೋ ಮುಖ್ಯಸ್ಥ ನೀನು, ಮೆರಿಪಾ ಅತ್ತೆ ಮನೆ ಅಂಗಳದಲ್ಲಿ ತಲೆ ತಗ್ಗಿಸಿ, ಮೇಲೊಂದು ಚಾಪೆ ಹೊದ್ದುಕೊಂಡು, ಮಾರೋಕೆ ತಂದ ಹಂದಿ ಥರ ಕೂತಿದ್ದೀಯ. ಅವರಾಗಿ ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದೇ ಇದ್ದರೆ? ಮಧ್ಯಾಹ್ನದವರೆಗೂ ಎತ್ತದೇ ಇದ್ದರೆ? ಅಲ್ಲಿಗೆ ನಮ್ಮ ಮನೆತನದ ಹೆಸರು ಕೋಳಿ ಕೆದಕೋಕೆ ಹೋಯ್ತು. ಅಷ್ಟೇ ತಾನೆ? ನೋಡು, ನಂಗೆ ಎಲ್ಲ ಗೊತ್ತು. ಐದನೇ ಕ್ಲಾಸನ್ನ ಎರಡು ಸಲ ಓದಿದವನು ನಾನು.

ಆದರೂ ಇದು ಅತಿಯಾಯ್ತಪ್ಪ. ಎದುರಿಗೆ ಸೌದೆ ಇಟ್ಟಿದ್ದೀಯ, ಕಲ್ಲು ಇಟ್ಟಿದ್ದೀಯ, ಬಾಳೆ ಎಲೆ ಬೇರೆ! ನಮ್ಮನ್ನ ಸುಟ್ಟು ತಿನ್ನೋದಾದರೆ ತಿನ್ನಿ, ತೊಂದರೆ ಬೇಡ ಅಂತ ಒಲೆ ಸಾಮಾನು ನಾವೇ ತಂದಿದ್ದೀವಿ! ನನ್ನ ಮೈಯಲ್ಲಿ ತಿನ್ನೋಕೆ ಏನಿದೆ? ನಿನ್ನದಂತೂ ಮೂರು ದಿನ ಬೇಯಬೇಕು. ಕೊಲೆ ಮಾಡಿದವರು ಕೂರೋ ಹಾಗೆ ಕೂರಿಸಿದ್ದೀಯಲ್ಲ… ಏನಕ್ಕೆ? ಒಂದು ಸಿನಿಮಾ ಕ್ಯಾಸೆಟ್ಟಿನ ಮೇಲೆ ನಾನು ಮಾಡಿದ ತಮಾಷೆಗೆ!

ಇನ್ನೊಂದು ತಮಾಷೆ ಹೇಳ್ಲಾ? ಈ ಚಾಪೆ ನೇಯ್ದಿದ್ದು ಯಾರು? ಮೆರಿಪಾ ಅತ್ತೆಯೇ! ಅಜ್ಜಿ ಸತ್ತಾಗ ಅವಳೇ ತಂದು ಕೊಟ್ಟಿದ್ದಲ್ವಾ? ಅವಳ ಮಾಲನ್ನೇ ಹೊದ್ದುಕೊಂಡು ಅವಳ ಹತ್ರ ಕ್ಷಮೆ ಕೇಳೋಕೆ… ಸರಿ. ಅದು ನಗೋ ವಿಷಯ ಅಲ್ಲ. ಅವಳ ಕೈ ಈಗ… ಗೊತ್ತು. ಗೊತ್ತು ಅಂದೆನಲ್ಲ.

ನೀನು ಆ ಸಿನಿಮಾ ನೋಡಿಲ್ಲ, ಅದಕ್ಕೇ ನಿಂಗೆ ಅರ್ಥ ಆಗ್ತಿಲ್ಲ. ನೋಡಿದ್ದರೆ ನೀನೇ ಸೈತಾನನ್ನ ಕರೀತಿದ್ದೆ, ಬಾರಪ್ಪ, ಬಂದು ಇದನ್ನ ನಿಲ್ಲಿಸು ಅಂತ. ‘ಏಳು ಗುಂಡಿಯ ರಾಜಕುಮಾರಿ’. ಬರೀ ಬಣ್ಣದ ಚಿತ್ರ, ಮನುಷ್ಯರೇ ಇಲ್ಲ. ಮಲತಾಯಿ ಆ ಹುಡುಗಿ ಮಾತನ್ನೆಲ್ಲ ಕದ್ದು ಅವಳ ಮೇಲಂಗಿಯ ಏಳು ಗುಂಡಿಯೊಳಗೆ ಹೊಲಿದುಬಿಡ್ತಾಳೆ. ಒಂದೊಂದು ಗುಂಡಿ ಬಿಚ್ಚಿದರೆ ಒಂದೊಂದು ಮಾತು ವಾಪಸ್ ಬರುತ್ತೆ. ಸರಿ, ಬಿಚ್ಚು ಮಾರಾಯ್ತಿ! ಕೈ ಇದೆಯಲ್ಲ! ಊಹೂಂ. ಕೂತು ಅಳ್ತಾಳೆ. ಒಂದು ಗುಂಡಿ ಅಳಿಲು ಬಂದು ಬಿಚ್ಚುತ್ತೆ, ಒಂದು ಗೂಬೆ ಬಿಚ್ಚುತ್ತೆ. ಇಡೀ ಕಾಡಿಗೆ ಗುಂಡಿ ಬಿಚ್ಚೋಕೆ ಬರುತ್ತೆ, ಅವಳೊಬ್ಬಳನ್ನ ಬಿಟ್ಟು! ರಾಜಕುಮಾರ ಬರೋದು ಎಲ್ಲ ಮುಗಿದ ಮೇಲೆ, ಕುದುರೆ ಮೇಲೆ ಹಾಡ್ಕೊಂಡು, ಕೆಲಸ ಎಲ್ಲ ಆದಮೇಲೆ ಊಟಕ್ಕೆ ಬರೋ ನಮ್ಮ ಡೀಕನ್ ಥರ.

ಅದಕ್ಕೆ ಎಷ್ಟು ಜಂಬ ಮೆರಿಪಾ ಅತ್ತೆಗೆ! ಮಗಳು ಆಕ್ಲೆಂಡಿನಿಂದ ಕಳಿಸಿದ್ದು. ಬಿಳಿ ಉಬ್ಬಿದ ಡಬ್ಬಿ, ತೆರೆದರೆ ಹೊಸ ಬೈಬಲ್ ತೆರೆದ ಹಾಗೆ ಸದ್ದು. ಹಳೇ ಕಾಲದ ಸಿನಿಮಾ, ಕ್ಯಾಸೆಟ್ಟಿಗೆ ಬಂದಿದ್ದು ಇದೇ ಮೊದಲ ಸಲವಂತೆ. ಮೂರೇ ತಿಂಗಳು ಮಾರ್ತಾರಂತೆ, ಆಮೇಲೆ ಕಂಪನಿಯವರು ಹತ್ತು ವರ್ಷ ಬೀಗ ಹಾಕಿ ಇಡ್ತಾರಂತೆ. ಯಾಕೆ, ಬರಗಾಲಕ್ಕೆ ಅಂತ ಗುಂಡಿಯಲ್ಲಿ ಹೂತಿಡೋ ದೀವಿಹಲಸೇನು ಅದು? ಆದರೂ ಊರು ಊರೇ ಬಂತು ನೋಡೋಕೆ. ಒಬ್ಬೊಬ್ಬರೂ ಎರಡೆರಡು ತೆಂಗಿನಕಾಯಿ ಕೊಟ್ಟು. ಏಳನೇ ಗುಂಡಿ ಬಿಚ್ಚಿದಾಗ ದೊಡ್ಡ ದೊಡ್ಡ ಗಂಡಸರೆಲ್ಲ ಮೂಗು ಸುರಿಸ್ತಿದ್ದರು. ನಾನು ರಾಜಕುಮಾರಿ ಥರ ಕೀರಲು ದನಿಯಲ್ಲಿ “ಅಮ್ಮಾ, ನಂಗೆ ಮಾತು ಬಂತು, ಈಗ ಟಿನ್ ಮೀನು ಕೊಡು” ಅಂದೆ. ಅಷ್ಟಕ್ಕೇ ಕಿವಿ ಹಿಡಿದು ಹೊರಗೆ ಹಾಕಿದಳು. ಎಲ್ಲರ ಎದುರಿಗೆ. ಕೋಳಿಗಳ ಪಕ್ಕ ಕೂತು ಗೋಡೆ ಇಲ್ಲದ ಮನೆಯಲ್ಲಿ ಆಗ್ತಿರೋ ಸಿನಿಮಾನ ಆ ಜನರ ಬೆನ್ನಿನ ಸಂದಿಯಿಂದ ನೋಡಿದೆ ನಾನು.

ಹೂಂ, ಸಿಟ್ಟು ಬಂತು. ಯಾರಿಗೆ ಬರಲ್ಲ?

ಅದಕ್ಕೆ ಮಾರನೇ ದಿನ ಡೀಕನ್ ಹತ್ರ ಹೋದೆ. ಮುಖ ಹೀಗೆ ಇಟ್ಕೊಂಡು… ತಲೆ ತಗ್ಗಿಸಿದ್ದೀಯ, ಕಾಣಿಸ್ತಿಲ್ಲ ಅಲ್ವಾ, ದೇವದೂತನ ಮುಖ ಅಂದ್ಕೋ. “ಡೀಕನ್ ಅವರೇ, ನಂಗೆ ಹೆದರಿಕೆ ಆಗ್ತಿದೆ. ನಾಲ್ಕನೇ ಗುಂಡಿ ಬಿಚ್ಚೋ ಹೊತ್ತಿಗೆ ಮಷೀನಿನ ಗುಂಡಿ ಒತ್ತಿ ಚಿತ್ರ ನಿಲ್ಲಿಸಿ ನೋಡಿ. ಅರಮನೆ ಕಿಟಕಿಯಲ್ಲಿ ಸೈತಾನ ಇದ್ದಾನೆ. ನೋಡಿದವರನ್ನ ನೋಡ್ತಾನೆ.” ಇಷ್ಟೇ ಅಜ್ಜ. ಇಷ್ಟೇ ನಾನು ಹೇಳಿದ್ದು. ಆ ಕಿಟಕಿಯಲ್ಲಿ ಇರೋದು ಒಂದು ಹೂಕುಂಡ!

ಆಮೇಲಿಂದು ನೀನು ನೋಡಬೇಕಿತ್ತು. ಆ ದಡ್ಡರ ಗುಂಪು ಮೆರಿಪಾ ಅತ್ತೆ ಮನೆಗೆ ನುಗ್ಗಿ, ಚಿತ್ರ ನಿಲ್ಲಿಸಿ, ಟಿವಿಗೆ ಮೂಗು ತಾಗಿಸಿ… ನಿಲ್ಲಿಸಿದರೆ ಚಿತ್ರ ನಡುಗುತ್ತಲ್ಲ, ಅಡ್ಡಡ್ಡ ಗೆರೆ ಬರುತ್ತಲ್ಲ, ಅದರಲ್ಲಿ ಡೀಕನ್ನಿಗೆ ಕೊಂಬು ಕಾಣಿಸ್ತು. ಪಾದ್ರಿಯಮ್ಮನಿಗೆ ಬಟ್ಟೆ ಇಲ್ಲದ ಗಂಡಸು ಕಾಣಿಸಿದ. ಅದನ್ನ ಖಾತ್ರಿ ಮಾಡ್ಕೊಳ್ಳೋಕೆ ಪಾಪ ಆರು ಸಲ ನೋಡಿದಳು! ಮೇಷ್ಟ್ರಿಗೆ ಏನೋ ಅಂಕಿ ಕಾಣಿಸ್ತು. ಒಬ್ಬ ಮುದುಕನಿಗೆ ಅವನ ಸತ್ತ ಭಾವ ಕಾಣಿಸಿ, ಅಲ್ಲೇ ಹಳೇ ಜಗಳ ತೆಗೆದು ಬೈದ. ಹೂಕುಂಡ ಕಾಣಿಸಿದ್ದು ಒಬ್ಬರಿಗೂ ಇಲ್ಲ. ಮೆರಿಪಾ ಅತ್ತೆಗೆ ಮಾತ್ರ. “ಹೂಕುಂಡ ಕಣ್ರೋ” ಅಂತ ಅವಳು ಕೂಗ್ತಾನೇ ಇದ್ದಳು. ಅವಳ ಕಣ್ಣಿಗೇ ಸೈತಾನ ಪೊರೆ ಕಟ್ಟಿದ್ದಾನೆ ಅಂದರು.

ಮೂರು ದಿನ ನಿಲ್ಲಿಸಿ ನಿಲ್ಲಿಸಿ ನೋಡಿದರಲ್ಲ, ಅದೇ ಜಾಗದಲ್ಲಿ ಟೇಪು ಸವೆದು, ನಿಜವಾಗ್ಲೂ ಒಂದು ಬಿಳಿ ಕಲೆ ಬಿತ್ತು. ಕಿಟಕಿಯಲ್ಲೇ! ಎರಡು ಕಾಲಿನ ಕಲೆ! ಇಲ್ಲದ ಸೈತಾನನ್ನ ಕಣ್ಣಲ್ಲೇ ಉಜ್ಜಿ ಉಜ್ಜಿ ಹುಟ್ಟಿಸಿದರು ಕಣಜ್ಜ, ನಮ್ಮೂರಿನ ಭಕ್ತರು. ಅದನ್ನ ನೋಡಿದಾಗ ನಂಗೇ ಒಂದು ಗಳಿಗೆ ಮೈ ಜುಂ ಅಂತು. ಆಮೇಲೆ ಮನೆ ಹಿಂದೆ ಹೋಗಿ ಹೊಟ್ಟೆ ಹಿಡ್ಕೊಂಡು ನಕ್ಕೆ.

ನೀನು ನಗ್ತಿಲ್ಲ. ಬೇರೆ ದಿನ ಆಗಿದ್ದರೆ ನಗ್ತಿದ್ದೆ ನೀನು. ಭುಜ ಕುಣಿಸಿ ನಗ್ತಿದ್ದೆ.

ಹಾಂ, ಸುಡಬೇಕು ಅಂದಿದ್ದು ಡೀಕನ್. ನಾನಲ್ಲ! ಒಂದೇ ಕ್ಯಾಸೆಟ್ ಸುಡಿ ಅಂದ, ಈ ಹುಡುಗರು ಅವಳ ಕ್ಯಾಸೆಟ್ಟಿನ ಪೆಟ್ಟಿಗೆ ಪೂರ್ತಿ ಎಳೆದು ತಂದರು. ಅಗೋ, ಆ ಒಲೆಮನೆ ಹಿಂದೆ, ನಡು ಮಧ್ಯಾಹ್ನ. ನನ್ನ ಕೆಲಸ ನಾಲಿಗೆಯದ್ದು, ಅಷ್ಟೇ. ಬೆಂಕಿ ಹಚ್ಚಿದ್ದು ಯಾರೋ. ಗುಂಪಲ್ಲಿ ಗೊತ್ತಾಗುತ್ತಾ? ಯಾರದೋ ಸಿಗರೇಟಿನ ಕಿಡಿ ಬಿದ್ದಿರಬಹುದು. ನಾನಂತೂ ದೂರದಲ್ಲಿ, ದೀವಿಹಲಸಿನ ಮರದ ಮೇಲೆ ಕೂತಿದ್ದೆ.

ಮೆರಿಪಾ ಅತ್ತೆ ಬೆಂಕಿಗೆ ಕೈ ಹಾಕ್ತಾಳೆ ಅಂತ ಯಾರು ಕಂಡಿದ್ದರು? ಉರೀತಿರೋ ಪ್ಲಾಸ್ಟಿಕ್ಕಿಗೆ ಯಾರಾದರೂ ಕೈ ಹಾಕ್ತಾರಾ? ಬುದ್ಧಿ ಬೇಡವಾ? ಆ ಮಗಳು ಚಿಕ್ಕವಳಿದ್ದಾಗ ಆಪಿಯಾ ಪಟ್ಟಣದ ಟಾಕೀಸಿಗೆ ಕರ್ಕೊಂಡು ಹೋಗಿ ಇದೇ ಸಿನಿಮಾ ತೋರಿಸಿದ್ದಳಂತೆ, ತೊಡೆ ಮೇಲೆ ಕೂರಿಸಿಕೊಂಡು. ಅದಕ್ಕೇ ಆ ಹುಡುಗಿ ಅಂಗಡಿ ಮುಂದೆ ಸಾಲು ನಿಂತು ಕಳಿಸಿದ್ದಂತೆ. ಇರಲಿ! ಹತ್ತು ವರ್ಷ ಕಾದರೆ ಮತ್ತೆ ಸಿಗ್ತಿತ್ತಲ್ಲ! ಈಗ ನೋಡು, ಬೆರಳು ಮೊದಲಿನ ಹಾಗೆ ಮಡಚೋಕೆ ಆಗುತ್ತೋ ಇಲ್ಲವೋ ಅಂತ ನರ್ಸಮ್ಮ ಹೇಳಿದಳಂತೆ. ಇಂಥ ಚಾಪೆ… ಎಷ್ಟು ಸಣ್ಣ ಎಳೆ ನೋಡಜ್ಜ, ಬಿಸಿಲು ಕೂಡ ಜರಡಿ ಹಿಡಿದ ಹಾಗೆ ಬರ್ತಿದೆ… ಇಂಥದ್ದು ಇನ್ನು ಅವಳು…

ದಡ್ಡಿ. ಅವಳೂ ದಡ್ಡಿ. ಎಲ್ಲರೂ ದಡ್ಡರೇ. ಒಂದು ಗಂಟೆ ಸುಮ್ಮನೆ ನಿಂತಿದ್ದರು ಆ ಪೆಟ್ಟಿಗೆ ಸುತ್ತ, ಗೊತ್ತಾ? ಡೀಕನ್ ಪ್ರಾರ್ಥನೆ ಮುಗಿಸಿದ, ಒಬ್ಬನೂ ಮುಂದೆ ಬರಲಿಲ್ಲ. ನೀನು ಹಚ್ಚು, ನೀನು ಹಚ್ಚು. ಬೆಂಕಿ ಹತ್ತೋದೇ ಇಲ್ಲ ಅನ್ನಿಸಿಬಿಡ್ತು. ಮೊದಲನೇ ಕಡ್ಡಿ ಗಾಳಿಗೆ ಆರಿತು, ಎರಡನೇದು ಮುರೀತು, ಮೂರನೇದಕ್ಕೆ ಕೆಳಗಿಟ್ಟ ತೆಂಗಿನ ಗರಿ ಬರೀ ಹೊಗೆ ಆಡ್ತು, ಬಗ್ಗಿ ಊದಬೇಕಾಯ್ತು…

ಏನು?

ಏನೂ ಇಲ್ಲ. ನೀನು ಏನೋ ಅಂದೆ ಅಂದ್ಕೊಂಡೆ.

ಮರದ ಮೇಲಿಂದ ಕಾಣಿಸುತ್ತೆ. ಯಾಕೆ ಕಾಣಿಸಲ್ಲ? ನಂಗೆ ಕಣ್ಣು ಚುರುಕು. ಕಡ್ಡಿ ಮುರಿದಿದ್ದೂ ಕಾಣಿಸುತ್ತೆ. ನೀನು ಕೇಳಲಿಲ್ಲ, ಸರಿ, ನಾನೇ ಹೇಳ್ತಿದ್ದೀನಿ… ಅಜ್ಜ? ನಿದ್ದೆ ಬಂತಾ? ಇಲ್ಲ, ಉಸಿರು ನಿದ್ದೆದಲ್ಲ.

ಒಂದು ಮಾತು. ಊರೆಲ್ಲ ನನ್ನ ಕೇಳಿತು, ಸೆಮು, ಹಚ್ಚಿದ್ದು ಯಾರು ಅಂತ. ಪಾದ್ರಿ ಕೇಳಿದರು. ಮೆರಿಪಾ ಅತ್ತೆ ಅಣ್ಣ ಲಾಫಾಯಿ ಕತ್ತಿ ಹಿಡ್ಕೊಂಡು ಕೇಳಿದ. ಎಲ್ಲರಿಗೂ ಒಂದೊಂದು ಕಥೆ ಕೊಟ್ಟು ಕಳಿಸಿದೆ. ನೀನೊಬ್ಬ ಕೇಳಲೇ ಇಲ್ಲ. ಮೊನ್ನೆಯಿಂದ ಒಂದೇ ಒಂದು ಸಲ ಕೇಳಲಿಲ್ಲ. ಬೆಳಿಗ್ಗೆ ಎಬ್ಬಿಸಿ “ಸ್ನಾನ ಮಾಡು, ಹೋಗೋಣ” ಅಂದೆ ಅಷ್ಟೇ.

ಯಾಕೆ ಕೇಳಲಿಲ್ಲ ನೀನು?

ಹೇಳು. ಈಗ ಮಾತಾಡಬಹುದು, ನಾನು ಯಾರಿಗೂ ಹೇಳಲ್ಲ. ಬೈಯಪ್ಪ. ಒಂದು ಚಿವುಟು. ಆಗ ಚಿವುಟಿದೆಯಲ್ಲ!

…ಅವರು ನನ್ನ ನೋಡಿ ನಗೋಕೆ ಶುರು ಮಾಡಿದ್ದರು ಅಜ್ಜ. ಕಡ್ಡಿ ಪೆಟ್ಟಿಗೆ ಕೈಯಿಂದ ಕೈಗೆ ಹೋಗ್ತಿತ್ತು. “ಸೆಮು ಮಾತು ಕೇಳಿ ಇಲ್ಲಿ ನಿಂತಿದ್ದೀವಲ್ಲ, ಅವನು ಯಾವತ್ತು ನಿಜ ಹೇಳಿದ್ದಾನೆ” ಅಂದ ಒಬ್ಬ. ಹುಟ್ಟಿದಾಗಿನಿಂದ ನನ್ನ ಮಾತು ಒಬ್ಬರೂ ನಂಬಿರಲಿಲ್ಲ. ಜ್ವರ ಬಂದಿದೆ ಅಂದರೂ ನಗ್ತಿದ್ದರು. ಅವರು ನನ್ನ ನಂಬಿ ಅದು ನಾಲ್ಕನೇ ದಿನ, ಪಾದ್ರಿ ಕೂಡ ನನ್ನ ಹೆಸರು ಹಿಡಿದು ಮಾತಾಡಿಸಿದ್ದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎಲ್ಲ ಮನೆಗೆ ಹೋಗಿಬಿಡ್ತಿದ್ದರು… ಕಡ್ಡಿ ಪೆಟ್ಟಿಗೆ ನನ್ನ ಕೈಗೆ ಬಂತು. ಎಲ್ಲರೂ ಮನೆ ಕಡೆ ತಿರುಗಿದ್ದರು, ಯಾರೂ ನೋಡಲಿಲ್ಲ.

ನಿಂಗೆ ಗೊತ್ತಿತ್ತು. ಅಲ್ವಾ? ಗೊತ್ತಿದ್ದೇ ಕೂತಿದ್ದೀಯ ಇಲ್ಲಿ.

ಶ್… ಕೇಳಿಸ್ತಾ? ಪರದೆ ಎತ್ತಿದರು. ಯಾರೋ ಮೆಟ್ಟಿಲಿಳೀತಿದ್ದಾರೆ. ಲಾಫಾಯಿ ದನಿ… “ಹುಡುಗನ ಬಾಯಿಂದ ಆದ ತಪ್ಪು” ಅಂದ. ಬಾಯಿಂದ ಅಂದ! ಕ್ಷಮಿಸ್ತಿದ್ದಾರೆ ಅಜ್ಜ! ನೆಟ್ಟಗೆ ಕೂರು. ಇನ್ನು ಮನೆಗೆ ಹೋಗಬಹುದು, ನಿನ್ನ ಮಂಡಿಗೆ ಎಣ್ಣೆ ಹಚ್ಚಿ… ನೀನ್ಯಾಕೆ ತಲೆ ಇನ್ನೂ ಕೆಳಗೆ ಹಾಕ್ತಿದ್ದೀಯ? ನೀನ್ಯಾಕೆ ಅಳ್ತಿದ್ದೀಯ?

ಕಾಲು ಕಾಣಿಸ್ತಿದೆ. ಹೆಂಗಸಿನ ಕಾಲು. ಅವಳೇ ಬಂದಿದ್ದಾಳೆ. ಬಟ್ಟೆ ಸುತ್ತಿದ ಕೈ… ಚಾಪೆ ಹಿಡಿಯೋಕೆ ಆಗ್ತಿಲ್ಲ ಅವಳಿಗೆ. ಮಣಿಕಟ್ಟಲ್ಲಿ ಎತ್ತೋಕೆ ನೋಡ್ತಿದ್ದಾಳೆ.

ಅತ್ತೆ, ತಡಿ. ಬೇಡ. ಎತ್ತಬೇಡ. ನಾನು ಒಳಗಿಂದ ಹಿಡ್ಕೊಂಡಿದ್ದೀನಿ, ಎಳೀಬೇಡ, ನಿನ್ನ ಕೈ ನೋಯುತ್ತೆ. ತಮಾಷೆ ಅಲ್ಲ ಅತ್ತೆ… ದೇವರಾಣೆ, ಈ ಸಲ ತಮಾಷೆ ಅಲ್ಲ. ಅಜ್ಜನ್ನ ಒಳಗೆ ಕರ್ಕೊಂಡು ಹೋಗು, ನೀರು ಕೊಡು. ಅವನದು ಮುಗೀತು. ನಂದು ನಿಂಗಿನ್ನೂ ಗೊತ್ತಿಲ್ಲ. ಹೇಳ್ತೀನಿ, ಕೂತ್ಕೋ. ಕೇಳಿದ ಮೇಲೆ ಎತ್ತೋದೋ ಬಿಡೋದೋ ನೋಡು.